ಹರಿಹರದ ಔಟರ್‌ನಲ್ಲಿ ನಿಂತ ಗಾಡಿ

ಹೊಸದು ಬಂದ ಮೇಲೆ ಹಳೆಯದನ್ನು ಇಟ್ಟುಕೊಳ್ಳುವುದು ದರಿದ್ರ ಎಂಬುದು ತಿಪ್ಪೇರುದ್ರಪ್ಪನವರ ಸಿದ್ಧಾಂತ. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಅವರದೊಂದು ಕಂಪ್ಯೂಟರ್ ತರಬೇತಿ ಕೇಂದ್ರವಿತ್ತು. ಅಲ್ಲಿನ ಏಕೈಕ ಮೇಷ್ಟ್ರು ದಿನೇಶನಿಗೆ ಉಪಕಾರ ಮಾಡಬೇಕೆಂಬ ಒಂದೇ ಒಂದು ಸದುದ್ದೇಶದಿಂದ ಅವರು ಬೆಂಗಳೂರಿನಿಂದ ರೈಲು ಓಡಿಸುವ ಕಂಪ್ಯೂಟರ್ ಆಟದ ಹೊಸ ಸಿ.ಡಿ. ತರಿಸಿದ್ದರು. ಅವತ್ತು ಬೆಳಿಗ್ಗೆ ದಿನೇಶ ಬರುವಷ್ಟರಲ್ಲಿ ಎಲ್ಲ ಕಂಪ್ಯೂಟರುಗಳಿಂದ ಹಳೆಯ ಆಟವನ್ನು ಗುಡಿಸಿ ಹಾಕಿ, ಹೊಸದನ್ನು ತುಂಬಿ, ಕೈ ಒರೆಸಿಕೊಳ್ಳುತ್ತ ನಿಂತಿದ್ದರು.

"ಇವತ್ತು ನಿನ್ನ ಮಾವ ಆಗೋರು ನೋಡಾಕೆ ಬರ್ತಾರಲ್ಲ, ಹಳೇದ್ಯಾಕ ತೋರಿಸ್ತೀಯ? ಹೊಸದ್ರಾಗೆ ಬಣ್ಣ ಜಾಸ್ತಿ ಐತೆ," ಎಂದರು.

ದಿನೇಶ ಕಂಪ್ಯೂಟರಿನತ್ತ ಧಾವಿಸಿದ. ಹೇಳಿದರೆ ಮರುಕ ಬರುವಂಥ ಕತೆ ಅದು. ಹಗಲು ಪಾಠ ಹೇಳಿ, ಸಂಜೆ ಕಣ್ಣು ಕೆಂಪಗೆ ಮಾಡಿಕೊಂಡು, ಎರಡು ವರ್ಷ ಕೂತು ಆ ಹಳೆಯ ಆಟದೊಳಗೆ ಅವನು ತನ್ನದೇ ಒಂದು ರೈಲು ದಾರಿ ಕಟ್ಟಿದ್ದ. ದಾವಣಗೆರೆಯಿಂದ ಹರಿಹರಕ್ಕೆ ಹಿಂದೆ ಇದ್ದ ಮೀಟರ್ ಗೇಜ್ ದಾರಿ. ಹತ್ತಿ ಗಿರಣಿಗಳ ಚಿಮಣಿ, ಜಾಲಿ ಮರ, ಗೇಟು, ಹಳದಿ ಬೋರ್ಡು, ಕೈ ಎತ್ತಿ ಇಳಿಸುವ ಕೈಮರದ ಸಿಗ್ನಲ್ಲುಗಳು, ಎಲ್ಲ ಅದರಲ್ಲಿದ್ದವು.

ಇಷ್ಟು ಕಷ್ಟಪಟ್ಟಿದ್ದು ಹರಿಹರದ ಪುಷ್ಪಲತಾಳಿಗಾಗಿ. ಅವಳ ಅಪ್ಪ ಕುಬೇರಪ್ಪ ಆ ದಾರಿಯಲ್ಲಿ ಉಗಿ ಎಂಜಿನ್ ಓಡಿಸಿ ನಿವೃತ್ತರಾದವರು. ಸಣ್ಣ ಹಳಿ ಕಿತ್ತು ದೊಡ್ಡ ಹಳಿ ಹಾಕಿದಂದಿನಿಂದ ಅವರು ಸ್ಟೇಷನ್ನಿನ ಮೆಟ್ಟಿಲು ತುಳಿದಿರಲಿಲ್ಲ. ದಾವಣಗೆರೆಗೆ ಬಸ್ಸಿನಲ್ಲಿ ಬರುವಾಗಲೂ ಗೇಟು ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಹುಡುಗ ಒಪ್ಪಿದ್ದ, ಹುಡುಗಿ ಒಪ್ಪಿದ್ದಳು. ಕುಬೇರಪ್ಪನವರದು ಮಾತ್ರ ಒಂದು ಷರತ್ತಿತ್ತು. "ಅವನು ಕಂಪ್ಯೂಟರ್‌ನಾಗೆ ಏನು ಕೆಲಸ ಮಾಡ್ತಾನೋ ನಂಗೊತ್ತಿಲ್ಲ. ನನ್ನ ಹಳಿ ಮೇಲೆ ನನ್ನ ಒಂದ್ಸಲ ಹರಿಹರ ಸ್ಟೇಷನ್‌ಗೆ ಮುಟ್ಟಿಸ್ಲಿ, ಹುಡುಗಿ ಕೊಡ್ತೀನಿ. ಇಲ್ಲಾಂದ್ರೆ ಹೆಣ್ಣು ಕೇಳಾಕೆ ರಾಣೆಬೆನ್ನೂರಿನೋರು ಅದಾರೆ, ಅವರಿಗೇ ಹೂಂ ಅಂತೀನಿ."

ರಾಣೆಬೆನ್ನೂರಿನವರು ಬರುವುದು ನಾಳೆಯೇ; ಉಳಿದಿದ್ದು ಇದೊಂದೇ ದಿನ.

ದಿನೇಶ ತನ್ನ ದಾರಿಯನ್ನು ಹೊಸ ಆಟದಲ್ಲಿ ತೆರೆದ. ಗಿರಣಿಯ ಚಿಮಣಿಗಳು ಬಾವಲಿಗಳಂತೆ ಆಕಾಶದಿಂದ ತಲೆಕೆಳಗಾಗಿ ನೇತಾಡುತ್ತಿದ್ದವು. ಹರಿಹರದ ಸ್ಟೇಷನ್ನು ಯಾವುದೋ ಕೆರೆಯ ನಡುವೆ ತೇಲುತ್ತಿತ್ತು. ಎಂಜಿನ್ ಇರಬೇಕಾದಲ್ಲಿ ಒಂದು ಎಮ್ಮೆ ನಿಂತಿತ್ತು. ಅದರ ಹಿಂದೆ ಎಂಟು ಡಬ್ಬಿಗಳು.

"ಬಣ್ಣ ಚಲೋ ಐತಲ್ಲ," ಎಂದರು ತಿಪ್ಪೇರುದ್ರಪ್ಪ.

ಹೊಸ ಆಟಕ್ಕೆ ಹಳೆಯ ಫೈಲುಗಳ ಭಾಷೆಯೇ ತಿಳಿಯುತ್ತಿರಲಿಲ್ಲ. ಅದನ್ನು ತಿದ್ದಲು ಹೋಗಿ ತಿಪ್ಪೇರುದ್ರಪ್ಪನವರೇ ಯಾವುದೋ ಗುಂಡಿ ಒತ್ತಿದರು, ದಾರಿಯ ಫೈಲುಗಳೆಲ್ಲ ಅಳಿಸಿಹೋಗಿ ಎಮ್ಮೆಯೂ ಮಾಯವಾಯಿತು. ಇನ್ನು ಉಳಿದಿದ್ದು ದಾರಿಯ ನಕಲು ತೆಗೆದು ದಿನೇಶ ತನ್ನ ಕೋಣೆಯಲ್ಲಿಟ್ಟಿದ್ದ ಫ್ಲಾಪಿಗಳು. ಸೈಕಲ್ ಹತ್ತಿ ವಿದ್ಯಾನಗರಕ್ಕೆ ಓಡಿದ.

ಮನೆಯ ಒಡತಿ ಓಬಕ್ಕ ಬಾಗಿಲಲ್ಲೇ ಸಿಕ್ಕಳು. "ಆ ಕರೀ ಬಿಲ್ಲೆಗಳಾ? ದೇವರ ಮನ್ಯಾಗೆ ಅದಾವೆ ನೋಡಪ್ಪ. ಮೊನ್ನೆ ಆಯುಧ ಪೂಜೆ ದಿನ ನೀನು ಮರ್ತು ಹೋಗಿದ್ದಿ. ಅನ್ನ ಕೊಡೋ ಸಾಮಾನು, ಹಂಗೇ ಬಿಡಾಕಾಗ್ತದಾ? ನಾನೇ ಪೂಜೆ ಮಾಡೀನಿ."

ಪೂಜೆ ಸಾಂಗವಾಗಿ ನಡೆದಿತ್ತು. ಕುಡುಗೋಲು, ಹೊಲಿಗೆ ಯಂತ್ರ, ದಿನೇಶನ ಸೈಕಲ್ಲಿನ ಪಂಪುಗಳ ಸಾಲಿನಲ್ಲಿ ಫ್ಲಾಪಿಗಳೂ ಕೂತಿದ್ದವು. ಲೋಹದ ಮುಚ್ಚಳ ಸರಿಸಿ ಒಳಗಿನ ತಟ್ಟೆಗೇ ಅರಿಸಿನ ಕುಂಕುಮ ಏರಿಸಿದ್ದಳು.

"ಮುಚ್ಚಳ ಯಾಕ ತೆಗಿಯಾಕೆ ಹೋದ್ರಿ ಅಕ್ಕ?"

"ಹೊರಗೆ ಹಚ್ಚಿದ್ರೆ ದೇವರಿಗೆ ಮುಟ್ತದೇನಪ್ಪ?"

ದಿನೇಶ ಹತ್ತಿಯಲ್ಲಿ ಒರೆಸಿದ, ಊದಿದ, ಮನಸ್ಸಿನಲ್ಲೇ ಉಕ್ಕಡಗಾತ್ರಿ ಕರಿಬಸಜ್ಜನಿಗೆ ಹರಕೆ ಹೊತ್ತ. ಫ್ಲಾಪಿ ಬದುಕಿದರೂ ಅದನ್ನು ಹಾಕಲು ಹಳೆಯ ಆಟವಿರುವ ಕಂಪ್ಯೂಟರ್ ಬೇಕಲ್ಲ. ಆಗ ನೆನಪಾಯಿತು: ಕೇಂದ್ರದ ಒಂದು ಹಳೆಯ ಯಂತ್ರವನ್ನು ತಿಪ್ಪೇರುದ್ರಪ್ಪನವರು ಹರಿಹರದ ಪೈಪು ಅಂಗಡಿಯ ಗಿಡ್ಡಪ್ಪನಿಗೆ ಮಾರಿದ್ದರು. ಪುಷ್ಪಲತಾಳ ಪಕ್ಕದ ಮನೆಗೆ ಫೋನು ಮಾಡಿ, ಸಂಜೆ ಅಪ್ಪನನ್ನು ಆ ಅಂಗಡಿಗೇ ಕರೆತರಲು ಹೇಳಿ, ಫ್ಲಾಪಿಗಳನ್ನು ಹಸುಗೂಸಿನಂತೆ ಎದೆಗೊತ್ತಿಕೊಂಡು ಬಸ್ಸು ಹತ್ತಿದ.

ಗಿಡ್ಡಪ್ಪನ ಅಂಗಡಿಯಲ್ಲಿ ಕಂಪ್ಯೂಟರಿಗೆ ಪ್ರತ್ಯೇಕ ಕೋಣೆ. ಅದರ ಮೇಲೊಂದು ಜರಿ ಶಾಲು. "ಚಪ್ಪಲಿ ಹೊರಗೆ ಬಿಟ್ಟು ಬರ್ರಿ," ಎಂದ ಗಿಡ್ಡಪ್ಪ. ಬಿಲ್ಲುಗಳನ್ನೆಲ್ಲ ಅವನು ಕೈಯಲ್ಲೇ ಬರೆಯುತ್ತಿದ್ದ. ಕಂಪ್ಯೂಟರ್ ಇಟ್ಟುಕೊಂಡಿದ್ದು ಗಿರಾಕಿಗಳು ನೋಡಲಿ ಎಂದು. ಹೀಗಾಗಿ ಅದನ್ನು ಯಾರೂ ಮುಟ್ಟಿರಲಿಲ್ಲ. ಹಳೆಯ ಆಟ ಒಳಗೆ ಹಾಗೇ ಮಲಗಿತ್ತು.

ಫ್ಲಾಪಿ ಕರಕರ ಎಂದು ಹಲ್ಲು ಕಡಿಯಿತು. ಮೂರು ಸಲ ನಿಂತಿತು. ನಾಲ್ಕನೆಯ ಸಲ ತೆರೆಯ ಮೇಲೆ ದಾವಣಗೆರೆ ಮೂಡಿತು. ಚಿಮಣಿಗಳು ನೆಟ್ಟಗೆ ನಿಂತಿದ್ದವು, ಎಮ್ಮೆ ಇರಲಿಲ್ಲ. ದಿನೇಶನಿಗೆ ಅಳು ಬಂತು.

ಅಷ್ಟರಲ್ಲಿ ಕುಬೇರಪ್ಪ ಬಂದರು. ಹಳೆಯ ನೀಲಿ ಸಮವಸ್ತ್ರ ಹಾಕಿ, ಕೊರಳಿಗೆ ಕರ್ಚೀಫು ಕಟ್ಟಿದ್ದರು. ಹಿಂದೆ ಪುಷ್ಪಲತಾ, ಅವಳ ಕೈಯಲ್ಲಿ ಮಂಡಕ್ಕಿ ಮೆಣಸಿನಕಾಯಿಯ ಪೊಟ್ಟಣ. ಕುಬೇರಪ್ಪ ಕುರ್ಚಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಕೂತರು.

"ನೀರು ತುಂಬಿಸಿದ್ದೀಯಾ?"

"ತುಂಬೈತ್ರಿ."

"ಕಲ್ಲಿದ್ದಲು?"

"ಅದೂ ಐತ್ರಿ."

ಗಾಡಿ ಹೊರಟಿತು. ಕುಬೇರಪ್ಪನವರ ಮುಖ ನೋಡಬೇಕಿತ್ತು. "ಇದು ಗಿರಣಿ... ಇಲ್ಲಿ ಸೀಟಿ ಹಾಕಿದ್ರೆ ಪಾಳಿ ಬಿಟ್ಟ ಹೆಣ್ಮಕ್ಕಳು ಕೈ ಬೀಸ್ತಿದ್ರು..." ಎಂದು ಗುಣುಗುಟ್ಟುತ್ತ, ತಿರುವು ಬಂದಾಗ ಕುರ್ಚಿಯ ಪಕ್ಕಕ್ಕೆ ಬಾಗಿ ಇಣುಕುತ್ತ ಓಡಿಸಿದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಪುಷ್ಪಲತಾ ದಿನೇಶನನ್ನು ನೋಡಿ ನಕ್ಕಳು. ಎರಡು ವರ್ಷದ ದಣಿವೆಲ್ಲ ಆ ನಗುವಿನಲ್ಲಿ ಇಳಿದುಹೋಯಿತು.

ಹರಿಹರದ ಔಟರ್, ಅಂದರೆ ಸ್ಟೇಷನ್ನಿಗೆ ಮುಂಚಿನ ಸಿಗ್ನಲ್ಲು, ಬಂತು. ಕೈಮರದ ಕೈ ಅಡ್ಡ ನಿಂತಿತ್ತು. ಕುಬೇರಪ್ಪ ಗಾಡಿ ನಿಲ್ಲಿಸಿದರು.

ದಿನೇಶನಿಗೆ ಗೊತ್ತಾಯಿತು. ಆ ಕೈ ಬೀಳಿಸುವ ಫೈಲು ಓಬಕ್ಕನ ಕುಂಕುಮದ ಪಾಲಾಗಿತ್ತು. ಇನ್ನು ಅದು ಯಾವ ಕಾಲಕ್ಕೂ ಬೀಳುವುದಿಲ್ಲ.

"ಹೋಗ್ರಿ ಮಾವ, ಏನಾಗಲ್ಲ. ಬರೀ ಚಿತ್ರ ಅದು."

"ಸಿಗ್ನಲ್ ಬಿದ್ದಿಲ್ಲ," ಎಂದರು ಕುಬೇರಪ್ಪ. ಸೀಟಿ ಹಾಕಿದರು. ಕೈ ಕಟ್ಟಿ ಕೂತರು.

ಹೊರಗೆ ಹೊತ್ತು ಇಳಿಯಿತು. ಮಂಡಕ್ಕಿ ಮುಗಿಯಿತು. ಗಿಡ್ಡಪ್ಪ ಎರಡು ಸಲ ಚಹಾ ತರಿಸಿದ. ನಡುನಡುವೆ ಕುಬೇರಪ್ಪ ಸೀಟಿ ಹಾಕುವರು, ಮತ್ತೆ ಕಾಯುವರು. ಸೇವೆಯುದ್ದಕ್ಕೂ ಅವರು ಒಮ್ಮೆಯೂ ಅಡ್ಡ ನಿಂತ ಕೈ ದಾಟಿದವರಲ್ಲ; ಪೈಪು ಅಂಗಡಿಯಲ್ಲಿ ದಾಟುತ್ತಾರೆಯೇ? ಸ್ಟೇಷನ್ನು ಕಣ್ಣೆದುರೇ ಇತ್ತು, ಹಳದಿ ಬೋರ್ಡಿನ ಅಕ್ಷರ ಕೂಡ ಕಾಣುತ್ತಿತ್ತು. ದಿನೇಶ ಮನಸ್ಸಿನಲ್ಲೇ ರಾಣೆಬೆನ್ನೂರಿನವರ ಮದುವೆಯ ಊಟಕ್ಕೆ ಕೂತ.

"ಸಿಗ್ನಲ್ ಕೆಟ್ರೆ ಏನ್ ಮಾಡ್ತಿದ್ರಪ್ಪ?" ಎಂದು ಕೇಳಿದಳು ಪುಷ್ಪಲತಾ.

"ಕಲ್ಲಿದ್ದಲು ಹಾಕೋ ಫೈರ್‌ಮನ್‌ನ ಸ್ಟೇಷನ್ನಿಗೆ ಕಳಿಸ್ತಿದ್ದೆ. ಸ್ಟೇಷನ್ ಮಾಸ್ಟರ್ ಕಡೆಯೋರು ಬಂದು ಹಸಿರು ಬಾವುಟ ತೋರಿಸ್ತಿದ್ರು." ದಿನೇಶನತ್ತ ತಿರುಗಿದರು. "ಹೋಗ್ ನೋಡ್ಕಂಡ್ ಬಾ."

ದಿನೇಶ ಹೊರಗೆ ಹಾರಿದ. ಗಲ್ಲೆಯಲ್ಲಿ ಕೂತಿದ್ದ ಗಿಡ್ಡಪ್ಪನ ಹೆಗಲ ಮೇಲೆ ಹಸಿರು ಟವೆಲ್ಲಿತ್ತು. ಕಿವಿಯಲ್ಲಿ ಉಸುರಿ, ರಟ್ಟೆ ಹಿಡಿದು ಒಳಗೆ ತಂದು ನಿಲ್ಲಿಸಿದ. ಗಿಡ್ಡಪ್ಪ ಕಂಪ್ಯೂಟರಿನ ಪಕ್ಕ ನಿಂತು, ಜಾತ್ರೆಯಲ್ಲಿ ನೊಣ ಓಡಿಸುವವನಂತೆ ಟವೆಲ್ ಬೀಸಿದ.

ಕುಬೇರಪ್ಪ ಅದನ್ನು ದಿಟ್ಟಿಸಿ ನೋಡಿದರು. ತಲೆದೂಗಿದರು. ಗಾಡಿ ಮೆಲ್ಲಗೆ ಔಟರ್ ದಾಟಿ ಹರಿಹರದ ಪ್ಲಾಟ್‌ಫಾರಂಗೆ ಬಂದು ನಿಂತಿತು.

"ಮುಟ್ಟಿಸಿದಿ," ಎಂದರು. ದಿನೇಶ ಕಾಲಿಗೆರಗಲು ಬಾಗಿದ.

ಕುಬೇರಪ್ಪ ಗಿಡ್ಡಪ್ಪನಿಗೂ ಕೈ ಮುಗಿದರು. "ಒಳಗೆ ಲೈನ್ ಖಾಲಿ ಐತೆ ಅಂತ ನೋಡ್ಕಂಡೇ ಬಾವುಟ ತೋರಿಸಿದ್ರಲ್ಲ, ಮಾಸ್ಟ್ರೇ?"

"ನಾನೇನ್ ನೋಡ್ಲಿ ಬಿಡ್ರಿ," ಎಂದ ಗಿಡ್ಡಪ್ಪ ವಿನಯದಿಂದ. "ನಿಮ್ಮ ಅಳಿಯ ಬೀಸು ಅಂದ್ರು, ಬೀಸಿದೆ. ಭಾಳ ಚುರುಕದಾರೆ."

ಕುಬೇರಪ್ಪ ಕಾಲನ್ನು ಹಿಂದಕ್ಕೆ ಎಳೆದುಕೊಂಡರು. ದಿನೇಶನ ಕೈ ನೆಲ ಮುಟ್ಟಿತು.

"ನೋಡದೇ ಗಾಡಿ ಒಳಗೆ ಬಿಡಿಸಿದ್ಯಾ?"

"ಒಳಗೆ ಬೇರೆ ಗಾಡಿ ಇಲ್ರಿ ಮಾವ. ನಾನು ಮಾಡೇ ಇಲ್ಲ."

"ಅದು ನಿಂಗೊತ್ತಿತ್ತು. ನಂಗೊತ್ತಿತ್ತಾ? ನನ್ನ ಬೆನ್ನ ಹಿಂದೆ ಗಾಡಿ ತುಂಬ ಜನ ಕೂತಿದ್ರು."

"ಡಬ್ಬಿ ಖಾಲಿ ಅದಾವ್ರಿ," ಎಂದ ದಿನೇಶ ಸಣ್ಣ ದನಿಯಲ್ಲಿ. "ಜನರನ್ನೂ ಮಾಡಿಲ್ಲ."

"ಜನಾನೆಲ್ಲ ದಾವಣಗೆರ್ಯಾಗೇ ಬಿಟ್ಟು ಬಂದ್ಯಾ?"

ಮುಗಿಯಿತು ಎಂದುಕೊಂಡ ದಿನೇಶ. ಆಗ ಪುಷ್ಪಲತಾ ಅಪ್ಪನ ಎದುರು ಬಂದು ನಿಂತಳು. "ರಾಣೆಬೆನ್ನೂರಿನೋರಿಗೆ ಬರಬ್ಯಾಡ ಅಂತ ಹೇಳ್ಬಿಡಪ್ಪ. ನಂಗೆ ಇವರೇ ಸಾಕು."

ಕುಬೇರಪ್ಪ ಮಗಳನ್ನು ನೋಡಿದರು, ತೆರೆಯ ಮೇಲಿನ ಎಂಜಿನ್ ನೋಡಿದರು. ಮೆತ್ತಗಾದರು. "ಆತು, ಹೇಳ್ತೀನಿ. ಹುಡುಗ ಹಳಿ ಚಲೋ ಹಾಕ್ತಾನೆ. ಕಾಯಾದು ಒಂದು ಗೊತ್ತಿಲ್ಲ. ನಾಳೆಯಿಂದ ದಿನಾ ಸಂಜೆ ಇಲ್ಲಿಗೆ ಬಂದು ನನ್ನ ಫೈರ್‌ಮನ್ ಆಗಿ ಕೂಡ್ಲಿ. ಡ್ರೈವರ್ ಆಗಿ ಪಾಸಾದ ದಿನಾನೇ ಮದುವೆ."

ದಿನೇಶನಿಗೆ ಹೋದ ಜೀವ ಬಂದಂತಾಯಿತು. ಪುಷ್ಪಲತಾಳ ಕಣ್ಣೂ ಅರಳಿತು.

"ಎಷ್ಟು ದಿನ ಹಿಡೀತದ್ರಿ ಮಾವ?"

ಕುಬೇರಪ್ಪ ಕೊರಳಿನ ಕರ್ಚೀಫು ಬಿಚ್ಚಿ ಮಡಚುತ್ತ ಲೆಕ್ಕ ಹಾಕಿದರು.

"ಎಲ್ಲಾರಿಗೂ ಭಾಳ ಹಿಡೀತದೆ. ನಾನು ಚುರುಕಿದ್ದೆ, ಹದಿಮೂರೇ ವರ್ಷದಾಗೆ ಡ್ರೈವರ್ ಆದೆ."