ನೀರು ಬೇಡದ ಕರಂಡೆ

ಗಿಡಕ್ಕೆ ನೀರು ಹಾಕಿದವರಿಗೆ ಬೈಯುವ ಮನುಷ್ಯನನ್ನು ನೀವು ನೋಡಿದ್ದೀರಾ? ಇಲ್ಲವಾದರೆ ಕಬಕದ ಹತ್ತಿರದ ನಮ್ಮ ಮಾಮನ ಮನೆಗೆ ಬನ್ನಿ. ಬರುವಾಗ ಕೈಯಲ್ಲಿ ನೀರಿನ ಬಾಟಲಿ ಮಾತ್ರ ಬೇಡ!

ಇಪ್ಪತ್ತೆರಡು ವರ್ಷ ಸೌದಿಯಲ್ಲಿ ದುಡಿದು ಬಂದ ಮಾಮನಿಗೆ ಉಳಿದಿದ್ದ ಆಸೆ ಒಂದೇ. ಗಂಜಿಗೆ ನೆಂಚಿಕೊಳ್ಳಲು ಉಪ್ಪುನೀರಲ್ಲಿ ಹಾಕಿದ ಕರಂಡೆ ಕಾಯಿ, ಘಟ್ಟದ ಮೇಲಿನವರು ಕವಳೆ ಅನ್ನುವುದು, ಅದೂ ಸ್ವಂತ ಗಿಡದ್ದು. ಅವರು ಚಿಕ್ಕಂದಿನಲ್ಲಿ ಕರಂಡೆ ಕೊಯ್ದ ಗುಡ್ಡೆಗೆಲ್ಲ ಈಗ ರಬ್ಬರ್ ಬಂದಿದೆ. ಹಾಗಾಗಿ ಮನೆಯೆದುರಿನ ಮುರಕಲ್ಲಿನ ಪದವಿನಲ್ಲಿ, ಹುಲ್ಲೂ ಸುಟ್ಟುಹೋಗುವ ಬೋಳು ಬಯಲಲ್ಲಿ, ಆ ಮುಳ್ಳಿನ ಗಿಡವನ್ನು ನೆಟ್ಟರು. "ಇದು ಬಿಸಿಲು ತಿಂದರೆ ಮಾತ್ರ ಕಾಯಿ ಬಿಡುದು. ಮಳೆಯದ್ದು ಬಿಟ್ಟು ಒಂದು ತೊಟ್ಟು ನೀರು ಹಾಕ್ಲಿಕ್ಕಿಲ್ಲ!" ಎಂದು ಮಾಮಿಗೂ, ಅವರ ಜೊತೆಗೇ ಇರುವ ಸೋದರಳಿಯ ನನಗೂ ಕಾನೂನು ಹೊರಡಿಸಿದರು.

ಕಡಬದ ರಬ್ಬರ್ ಕೃಷಿಕ ಗೆಳೆಯರೊಬ್ಬರು ಬಂದವರು, "ಪಾಪ, ಒಂದು ಡ್ರಿಪ್ ಎಳೆದುಬಿಡಿ ಮಾರಾಯ್ರೆ" ಎಂದರು. "ಗುಡ್ಡೆಯಲ್ಲಿ ಅದಕ್ಕೆ ಪೈಪು ಎಳೆದದ್ದು ಯಾರು, ನಿಮ್ಮ ಅಜ್ಜನಾ?" ಎಂದು ಮಾಮ ಸಿಡುಕಿದರು. ಆ ದಿನ ಅವರಿಗೆ ಚಹಾವೂ ಸಿಗಲಿಲ್ಲ.

ಇಷ್ಟೆಲ್ಲ ಆದರೂ ನಾಲ್ಕು ವರ್ಷವಾಯಿತು, ಒಂದು ಕಾಯಿ ಇಲ್ಲ! ಎಲೆ ಮಾತ್ರ ಎಣ್ಣೆ ಹಚ್ಚಿದ ಹಾಗೆ ಮಿರಮಿರ. ಈ ಮಾರ್ಚಿನಲ್ಲಿ ಮಾಮ ಬುಡಕ್ಕೆ ಬೆರಳು ಹಾಕಿ ನೋಡಿದರೆ ಮಣ್ಣು ಒದ್ದೆ! ಮೊದಲ ಸಂಶಯ ನನ್ನ ಮೇಲೆ.

"ಮೋನೆ, ಮಗಾ, ನಿಜ ಹೇಳು."

"ನಾನು ಸ್ನಾನಕ್ಕೇ ಸರಿಯಾಗಿ ನೀರು ಮುಟ್ಟುದಿಲ್ಲ ಮಾಮ!" ಅದು ಅವರಿಗೂ ಗೊತ್ತಿದ್ದ ವಿಷಯ, ಬಿಟ್ಟರು.

ಮರುದಿನ ಶುಕ್ರವಾರ. ಇಬ್ಬರೂ ಜುಮಾ ನಮಾಜಿಗೆ ಹೊರಟವರು, ಮಾಮನ ಟೊಪ್ಪಿ ಮರೆತುಹೋಗಿ ಅರ್ಧ ದಾರಿಯಿಂದ ತಿರುಗಿ ಬಂದೆವು. ನೋಡಿದರೆ ಸುಡುಬಿಸಿಲಲ್ಲಿ ಮಾಮಿ ಕೊಡಪಾನ ಬಗ್ಗಿಸಿ ಕರಂಡೆಗೆ ನೀರೆರೆಯುತ್ತಿದ್ದಾರೆ!

"ನೀನಾ? ನಾಲ್ಕು ವರ್ಷದಿಂದ ನೀನಾ? ಎಂತಕ್ಕೆ?"

ಮಾಮಿ ಕೊಡಪಾನ ಕೆಳಗಿಡಲಿಲ್ಲ. "ನಿಮಗೆ ಕಾಯಿಯ ಆಸೆ ಎಷ್ಟುಂಟು ಅಂತ ನಂಗೆ ಗೊತ್ತಿಲ್ವಾ? ಆದ್ರೆ ಈ ಗಿಡ ಬಿಸಿಲಲ್ಲಿ ಹೀಗೆ ನಿಂತದ್ದನ್ನು ನೋಡ್ಲಿಕ್ಕೆ ನನ್ನಿಂದ ಆಗುದಿಲ್ಲ. ನೀವು ಆ ಮರಳುಗಾಡಲ್ಲಿ ಕಟ್ಟಡದ ಕೆಲಸ ಮಾಡುವಾಗ, ನಿಮಗೆ ಒಂದು ಲೋಟ ನೀರು ಕೊಡುವವರು ಯಾರಾದ್ರೂ ಇದ್ದಾರಾ ಅಂತ ಇಪ್ಪತ್ತೆರಡು ವರ್ಷ ಇಲ್ಲಿ ಕೂತು ಯೋಚಿಸಿದ್ದೇನೆ."

ನಮಾಜಿಗೆ ತಡವಾಗುತ್ತಿತ್ತು. ಮಾಮ ಕೊಡಪಾನ ತೆಗೆದುಕೊಂಡು ಉಳಿದ ನೀರನ್ನು ತಾವೇ ಬುಡಕ್ಕೆ ಸುರಿದರು. "ಕರಂಡೆ ಸಂತೆಯಲ್ಲಿ ಸಿಕ್ತದೆ, ಬಿಡು" ಎಂದವರೇ ಇನ್ನೊಂದು ಕೊಡಪಾನ ನೀರು ತರಲು ಬಾವಿಕಟ್ಟೆಗೆ ನಡೆದರು.