ಯೋಹಾನಪ್ಪನವರ ಸ್ಯಾಕ್ಸೊಫೋನೂ ನನ್ನ ಸಂಗೀತಜ್ಞಾನವೂ

ಬಾಡಿಗೆ ಮನೆ ನೋಡಲು ಹೋದಾಗ ನೀರು ಎಷ್ಟು ಹೊತ್ತು ಬರುತ್ತದೆ, ಗಾಳಿ ಎತ್ತಲಿಂದ ಬರುತ್ತದೆ ಎಂದು ವಿಚಾರಿಸುತ್ತೇವೆಯೇ ಹೊರತು ಮೇಲಿನ ಮನೆಯವರು ಏನು ಊದುತ್ತಾರೆ ಎಂದು ಯಾರೂ ಕೇಳುವುದಿಲ್ಲ. ಹೈದರಾಬಾದಿನ ಮೆಹದಿಪಟ್ಟಣಂನ ಮನೆಗೆ ಬಂದ ಮರುದಿನ ಬೆಳಿಗ್ಗೆ ನಾನು ಮುಖಕ್ಕೆ ಸೋಪು ಹಚ್ಚಿಕೊಂಡು ಬ್ಲೇಡು ಎತ್ತಿದ್ದೆ, ನೆತ್ತಿಯ ಮೇಲಿಂದ ಹಡಗು ಹೊರಟಂಥ ಸದ್ದು ಬಂತು. ಗಲ್ಲ ಕುಯ್ದುಹೋಯಿತು. ಅರ್ಧ ಸೋಪು, ಅರ್ಧ ರಕ್ತದ ಮುಖದಲ್ಲೇ ಜಗಳಕ್ಕೆಂದು ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದ ಹಿರಿಯರ ಕೊರಳಲ್ಲಿ ದೊಡ್ಡ ಹಿತ್ತಾಳೆಯ ಸ್ಯಾಕ್ಸೊಫೋನ್ ತೂಗುತ್ತಿತ್ತು. ನನ್ನನ್ನು ನೋಡಿದ ಗಾಬರಿಯಲ್ಲಿ ಅವರ ಬಾಯಿಂದ ಕನ್ನಡವೇ ಬಂತು: "ಅಯ್ಯ, ರಕ್ತ ಬರಾಕತ್ತೈತಲ್ರಿ! ಒಳಗ ಬರ್ರಿ, ಅರಿಶಿಣ ಹಚ್ಚೋಣ." ಹೈದರಾಬಾದಿನಲ್ಲಿ ಕನ್ನಡದವರೊಡನೆ ಜಗಳವಾಡುವುದು ಆಗದ ಮಾತು. ಬೈಗುಳ ನೆನಪಾಗುವುದರೊಳಗೆ ಚಹಾ ಬಂದುಬಿಡುತ್ತದೆ.

ಅವರು ಯೋಹಾನಪ್ಪ, ಬೆಟಗೇರಿಯವರು. ಮಿಷನ್ ಶಾಲೆಯ ಬ್ಯಾಂಡಿನಲ್ಲಿ ಊದಲು ಕಲಿತು, ಚರ್ಚಿನ ಸುವಾರ್ತೆಯ ಹಾಡುಗಳನ್ನು ನುಡಿಸುತ್ತ ಬೆಳೆದು, ಆಮೇಲೆ ಸಿಕಂದರಾಬಾದಿನ ಒಬ್ಬ ಮುದುಕ ಬ್ಯಾಂಡ್‌ಮಾಸ್ತರನ ಕೈಗೆ ಸಿಕ್ಕಿ ಜಾಝ್ ಅಂಟಿಸಿಕೊಂಡವರು. "ಹಾಳಿ ಮ್ಯಾಲ ಬರದದ್ದನ್ನ ಊದಿದ್ರ ಅದು ನೌಕರಿ, ಮನಸ್ಸಿಗೆ ಬಂದದ್ದನ್ನ ಊದಿದ್ರ ಜಾಝ್" ಎಂದು ಅವರು ನನಗೆ ವಿವರಿಸಿದರು. ಈ ಊರು ಅಂಥ ಮನುಷ್ಯನನ್ನು ಹೇಗೆ ನೋಡಿಕೊಂಡಿತು ಎಂದು ಹೇಳಲು ನನಗೇ ನಾಚಿಕೆ. ಮದುವೆಯ ಮೆರವಣಿಗೆಯಲ್ಲಿ ಕೆಂಪು ಕೋಟು ತೊಡಿಸಿ ಕುದುರೆಯ ಮುಂದೆ ನಡೆಸಿದರು; ವರನ ಗೆಳೆಯರು ರಸ್ತೆಯ ಮೇಲೆ ಹೊರಳಾಡುತ್ತ ಸಿನಿಮಾದ ನಾಗಿಣಿಯ ಪುಂಗಿಯ ಧಾಟಿಯನ್ನೇ ಊದು ಎಂದರು. ದೊಡ್ಡ ಹೋಟೆಲಿನಲ್ಲಿ ಊದಿದಾಗ, ಎಲುಬು ಚೀಪುತ್ತಿದ್ದ ಸಾಹೇಬನೊಬ್ಬ ಮೊಬೈಲಿನಲ್ಲಿ ಮಾತಾಡಬೇಕು, ಸ್ವಲ್ಪ ನಿಲ್ಲಿಸು ಎಂದು ಬೆರಳು ಎತ್ತಿದ. ಚರ್ಚಿನ ಹಿರಿಯರಿಗೆ ಅವರ ಊದುವಿಕೆಯಲ್ಲಿ ಹೋಟೆಲಿನ ವಾಸನೆ ಬಡಿಯುತ್ತಿತ್ತು. ಹೋಟೆಲಿನ ಮ್ಯಾನೇಜರನಿಗೆ ಅದೇ ಊದುವಿಕೆ ಕೇಳಿ ಗಿರಾಕಿಗಳು ಭಕ್ತರಾಗಿ ಕುಡಿಯುವುದನ್ನೇ ಬಿಟ್ಟಾರು ಎಂಬ ಭಯ.

ಇಷ್ಟರಲ್ಲಿ ಊರಿಗೆ ಐಟಿ ಬಂತು. ಬಂಡೆಗಳಿದ್ದಲ್ಲಿ ಗಾಜಿನ ಕಟ್ಟಡಗಳು ಎದ್ದವು. ನಾಚಾರಂ ಕಾರ್ಖಾನೆಯಲ್ಲಿ ಪಂಪುಗಳ ಉಸ್ತುವಾರಿ ಮಾಡುತ್ತಿದ್ದ ನಾನೂ ಒಂದು ಗಾಜಿನ ಕಟ್ಟಡ ಸೇರಿ, ಕುರ್ಚಿ, ಕಾಫಿ ಮತ್ತು ಕಸದಬುಟ್ಟಿಗಳ ಅಧಿಕಾರಿಯಾದೆ. ಅಲ್ಲಿನ ಹುಡುಗರಿಗೆ ಬಂದ ಸಂಬಳದ ಜೊತೆಗೇ ಅಭಿರುಚಿಯೂ ಬಂದಿತ್ತು. ನಿನ್ನೆಯವರೆಗೆ ಮಿರ್ಚಿ ಭಜಿ ತಿಂದು ಅಂಗಿಗೆ ಕೈ ಒರೆಸಿಕೊಳ್ಳುತ್ತಿದ್ದವರು ಈಗ ಕಪ್ಪು ಕಾಫಿ ಕುಡಿದು, ಮುಖ ಕಿವುಚದೆ, "ನೈಸ್" ಎನ್ನುತ್ತಿದ್ದರು. ಅಮೆರಿಕದಿಂದ ದೊಡ್ಡ ಗಿರಾಕಿಗಳು ಬರುವರೆಂದು ಗೊತ್ತಾದಾಗ ನಮ್ಮ ಮ್ಯಾನೇಜರ್ ರೆಡ್ಡಿ, "ಕುಲಕರ್ಣಿಗಾರೂ, ಜಾಝ್ ಕಾವಾಲಿ!" ಎಂದು ಅಪ್ಪಣೆ ಮಾಡಿದರು. ಜಾಝ್ ಬೇಕಂತೆ, ಟಿಶ್ಯೂ ಪೇಪರ್ ಬೇಕು ಎಂದ ಹಾಗೆ. ನಾನು ಎದೆ ತಟ್ಟಿಕೊಂಡು ಯೋಹಾನಪ್ಪನವರ ಹೆಸರು ಹೇಳಿದೆ. ಪೋಸ್ಟರಿನಲ್ಲಿ ಅವರು "ಜಾನಿ" ಆದರು.

ಕಾರ್ಯಕ್ರಮದ ಹಿಂದಿನ ಸಂಜೆ ಜಾನಿಯವರು ಬಾಯಿಗೆ ಕರವಸ್ತ್ರ ಒತ್ತಿಕೊಂಡು ಕೆಳಗಿಳಿದು ಬಂದರು. ಬಹಳ ದಿನದಿಂದ ಅಲುಗುತ್ತಿದ್ದ ಮೇಲಿನ ಮುಂಗಡೆಯ ಹಲ್ಲುಗಳ ಒಸಡು ಬಾತು, ವೈದ್ಯರು ಅವನ್ನು ಕಿತ್ತೇಬಿಟ್ಟಿದ್ದರು. ಸ್ಯಾಕ್ಸೊಫೋನಿನ ಬಾಯಿ ನಿಲ್ಲುವುದೇ ಮೇಲಿನ ಹಲ್ಲಿನ ಆಸರೆಯಲ್ಲಿ. "ಬರೇ ಗಾಳಿ ಬರ್ತೈತ್ರಿ ಕುಲಕರ್ಣಿಯವರ, ಸ್ವರ ಬರೂದಿಲ್ಲ" ಎಂದರು. ನಾನು ರೆಡ್ಡಿಗೆ ಫೋನ್ ಮಾಡಿದೆ. ರೆಡ್ಡಿ ನಕ್ಕುಬಿಟ್ಟರು: ಅದಕ್ಕೇನು, ಸೀಡಿ ಹಾಕೋಣ, ಅವರು ಹಿಡಿದುಕೊಂಡು ಅಲ್ಲಾಡಿದರೆ ಸಾಕು. ಇದನ್ನು ಯೋಹಾನಪ್ಪನವರಿಗೆ ಹೇಳಿದಾಗ ಅವರು ಕರವಸ್ತ್ರ ಮಡಿಸಿ ಜೇಬಿಗಿಟ್ಟರು. "ನಿಮ್ಮ ನೌಕರಿ ಪ್ರಶ್ನೆ ಅಂತ ಬರ್ತೀನ್ರಿ. ನನ್ನ ಮಾಸ್ತರು ಸತ್ತದ್ದು ಚಲೋ ಆತು" ಎಂದರು.

ಮರುದಿನ ಕಪ್ಪು ಸೂಟಿನಲ್ಲಿ ಜಾನಿ ವೇದಿಕೆಯ ಮೇಲೆ ನಿಂತು ಅಲ್ಲಾಡಿದರು. ಸೀಡಿ ಹಾಡಿತು. ನಮ್ಮ ಹುಡುಗರು ಅಮೆರಿಕದವರ ಕೈಗಳನ್ನೇ ನೋಡುತ್ತ, ಅವು ಕೂಡಿದೊಡನೆ ತಮ್ಮವನ್ನೂ ಕೂಡಿಸುತ್ತ, ಕೊನೆಗೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದರು. ಒಬ್ಬ ಹುಡುಗಿ ಅವರ ಪಕ್ಕ ನಿಂತು ಫೋಟೋ ತೆಗೆಸಿಕೊಂಡು, "ನಿಮ್ಮ ಉಸಿರಾಟ ಅದ್ಭುತ" ಎಂದಳು. ಅವರು ತುಟಿ ಬಿಚ್ಚದೆ ಕೈ ಮುಗಿದರು.

ವಾಪಸು ಬರುವಾಗ ಆಟೋದಲ್ಲಿ ಅವರೇ ಹೇಳಿದರು: "ಇಷ್ಟು ವರ್ಷ ಊದಿದ್ನಿ, ಒಬ್ಬರೂ ಎದ್ದು ನಿಂದರಲಿಲ್ಲ. ಇವತ್ತ ಊದಲಿಲ್ಲ, ಎಲ್ಲಾರೂ ಎದ್ದು ನಿಂತರು." ಸ್ಯಾಕ್ಸೊಫೋನಿನ ಪೆಟ್ಟಿಗೆಯನ್ನು ತೊಡೆಯ ಮೇಲೆ ಕೂಸಿನಂತೆ ಮಲಗಿಸಿಕೊಂಡಿದ್ದರು. ಮುಂದೆ ರೆಡ್ಡಿ ಇನ್ನೊಂದು ಕಾರ್ಯಕ್ರಮಕ್ಕೆ "ಅದೇ ಜಾನಿ, ಅದೇ ಸೀಡಿ" ಎಂದು ಕರೆದಾಗ, "ಸೀಡಿನ ಅಷ್ಟ ಕರೀರಿ. ಅದಕ್ಕ ಸೂಟು ಹೊಲಿಸೂದೂ ಬ್ಯಾಡ" ಎಂದು ಹೇಳಿ ಕಳಿಸಿದರು. ರೆಡ್ಡಿಗೆ ಸಿಟ್ಟು ಬರಲಿಲ್ಲ, ಆ ಸಲಹೆ ಹಿಡಿಸಿತು.

ಹೊಸ ಹಲ್ಲಿನ ಸೆಟ್ಟು ಕಟ್ಟಿಸಿಕೊಂಡ ಮೇಲೆ ಯೋಹಾನಪ್ಪನವರು ಮೊದಲು ಊದಿದ್ದು ಚರ್ಚಿನಲ್ಲಿ, ಒಂದು ಭಾನುವಾರ. ನಾನೂ ಹೋಗಿ ಕೊನೆಯ ಬೆಂಚಿನಲ್ಲಿ ಕುಳಿತೆ. ಆ ಗಾಜಿನ ಕಟ್ಟಡದ ಮೂಢರಿಗಿಂತ ನಾನು ಬೇರೆ ಎಂದು ನನಗೆ ಆಗ ಖಾತ್ರಿಯಾಗಿತ್ತು. ಇಷ್ಟು ವರ್ಷ ಜಾಝ್ ಕೇಳುತ್ತಲೇ ಗಡ್ಡ ಹೆರೆದುಕೊಂಡವನು ನಾನು. ಅವರು ಹಳೆಯದೊಂದು ಸುವಾರ್ತೆಯ ಹಾಡು ಹಿಡಿದರು. ಸ್ವರ ಮೊದಲಿಗೆ ಅಳುಕಿ, ಆಮೇಲೆ ಮೆಲ್ಲಗೆ ಮೈ ಬಿಚ್ಚಿತು. ಮುದುಕಿಯರು ಗುನುಗತೊಡಗಿದರು. ಹಿರಿಯರು ಯಾರೂ ಮುಖ ಸಿಂಡರಿಸಲಿಲ್ಲ. ಹಾಡು ಏರುತ್ತ ಏರುತ್ತ ತುತ್ತತುದಿಯಲ್ಲಿ ಫಕ್ಕನೆ ನಿಂತಿತು; ಒಂದು ಕ್ಷಣ ನಿಶ್ಶಬ್ದ; ಮತ್ತೆ ತೇಲಿಬಂತು. ನನ್ನ ಕಣ್ಣಲ್ಲಿ ನೀರು ತುಂಬಿತು. ಇಡೀ ಚರ್ಚಿನಲ್ಲಿ ಅಲ್ಲಿ ಅತ್ತವನು ನಾನೊಬ್ಬನೇ ಎಂದು ಒಳಗೊಳಗೇ ಹೆಮ್ಮೆಯೂ ಆಯಿತು.

ಹೊರಗೆ ಬೇವಿನ ಮರದ ಕೆಳಗೆ ಅವರ ಕೈ ಹಿಡಿದುಕೊಂಡು ಹೇಳಿದೆ: "ಯೋಹಾನಪ್ಪನವರ, ಆ ತುದಿಯೊಳಗ ನಿಲ್ಲಿಸಿದ್ರಲ್ಲ, ಅದ ನೋಡ್ರಿ ಜಾಝ್ ಅಂದ್ರ! ಅಂಥಾದ್ದು ಸೀಡಿಗೆ ಬರ್ತೈತೇನು?"

ಅವರು ನನ್ನನ್ನು ನೋಡಿದರು. ನಗು ತಡೆಯಲಾಗದೆ ಅಂಗೈಯಿಂದ ಬಾಯಿ ಮುಚ್ಚಿಕೊಂಡರು.

"ಅಲ್ಲಿ ಹಲ್ಲಿನ ಸೆಟ್ಟು ಜಾರಿತ್ರಿ," ಎಂದರು. "ನಾಲಿಗಿಲೆ ಒತ್ತಿ ಕೂಡಿಸ್ಕೊಂಡ್ನಿ."