ಕುಸುಬಿ ಎಣ್ಣೆ ಕುಡಿದ ಕ್ಲಚ್ಚು

ಈ ಸಂಗತಿಯನ್ನು ಹೇಳಿಬಿಡಬೇಕೆಂದು ಎಂಟು ವರ್ಷಗಳಿಂದ ಅಂದುಕೊಳ್ಳುತ್ತಿದ್ದೇನೆ. ಮೊದಲು ತೊಗರಿ ರಾಶಿ ಮುಗಿಯಲಿ ಎಂದೆ. ಆಮೇಲೆ ಕಣ್ಣಿನ ಆಪರೇಷನ್ ಆಗಲಿ ಎಂದೆ. ಕಣ್ಣು ಚೆನ್ನಾಗಿ ಕಾಣತೊಡಗಿದ ಮೇಲೆ ನನ್ನ ತಪ್ಪೂ ಇನ್ನಷ್ಟು ಚೆನ್ನಾಗಿ ಕಂಡಿತು. ಹೆದರಿ, ಇನ್ನೊಂದು ರಾಶಿ ಮುಗಿಯಲಿ ಎಂದೆ. ಮಳೆ ಬರಲಿ ಬಿಡಲಿ, ನೆಪಗಳ ಬೆಳೆ ಮಾತ್ರ ನನಗೆ ಯಾವ ವರ್ಷವೂ ಕೈಕೊಟ್ಟಿಲ್ಲ.

ಈಗಲೂ ನೇರವಾಗಿ ತಪ್ಪಿಗೆ ಬರಲು ಮನಸ್ಸಿಲ್ಲ, ಮೊದಲು ನನ್ನ ಜೀಪಿನ ವಿಷಯ ಹೇಳುತ್ತೇನೆ. ನಮ್ಮ ಹೊಲ ಯೆಣೆಗೂರಿನ ಹೆದ್ದಾರಿಯಿಂದ ಒಳಗೆ, ಅಪ್ಪಟ ಎರೆಭೂಮಿ. ಮಳೆಗಾಲದಲ್ಲಿ ಅಲ್ಲಿ ಟ್ರ್ಯಾಕ್ಟರು ಹೂತುಕೊಂಡು ನಿಂತಾಗಲೂ ನಾಲ್ಕು ಗಾಲಿಗೂ ಜೋರು ಕೊಟ್ಟು ಹೊರಬರುವುದು ನನ್ನ ಹಳೆಯ ಜೀಪೊಂದೇ. ಒಮ್ಮೆ ಕೆಸರಿನಲ್ಲಿ ಸಿಕ್ಕಿಬಿದ್ದ ಮದುಮಗನ ಕಾರನ್ನು ಎಳೆದು ತಂದು ಅಕ್ಷತೆಯ ವೇಳೆಗೆ ಸರಿಯಾಗಿ ಮುಟ್ಟಿಸಿದೆ. ಆ ಮದುವೆಯ ಫೋಟೋಗಳಲ್ಲಿ ವರನಿಗಿಂತ ನನ್ನ ಜೀಪೇ ಹೆಚ್ಚು ಲಕ್ಷಣವಾಗಿ ಕಾಣುತ್ತದೆ. ಇದು ನನ್ನ ಮಾತಲ್ಲ. ವರನ ಮಾತೂ ಅಲ್ಲ, ಅದನ್ನೂ ಒಪ್ಪಿಕೊಳ್ಳುತ್ತೇನೆ.

ಈ ಜೀಪಿನ ಕ್ಲಚ್ಚಿಗೆ ತಂತಿ ಇಲ್ಲ. ಪೆಡಲ್ ತುಳಿದರೆ ಮೇಲಿನ ಸಣ್ಣ ಸಿಲಿಂಡರಿನಿಂದ ಬ್ರೇಕ್ ಆಯಿಲ್ ಪೈಪಿನೊಳಗೆ ಇಳಿದು, ಕೆಳಗೆ ಗೇರ್‌ಬಾಕ್ಸಿನ ಪಕ್ಕದಲ್ಲಿರುವ ಇನ್ನೊಂದು ಸಿಲಿಂಡರಿನ ಕೋಲನ್ನು ನೂಕುತ್ತದೆ; ಆಗ ಕ್ಲಚ್ಚು ಬಿಡುತ್ತದೆ. ಎರಡೂ ಕಡೆ ಒತ್ತಡವನ್ನು ಹಿಡಿದಿಡುವುದು ಬೆರಳ ತುದಿಯಷ್ಟು ಚಿಕ್ಕ ರಬ್ಬರ್ ಬಟ್ಟಲು. ಅಷ್ಟು ದೊಡ್ಡ ಜೀಪಿನ ಮರ್ಯಾದೆ ಇಷ್ಟೇ ಇಷ್ಟು ರಬ್ಬರಿನ ಕೈಯಲ್ಲಿ.

ಎಂಟು ವರ್ಷದ ಹಿಂದೆ ಖಂಡೇನವಮಿಯ ಆಯುಧಪೂಜೆಯ ದಿನ ಜೀಪು ತೊಳೆದು, ಬಾನೆಟ್ಟಿಗೆ ವಿಭೂತಿ ಬಳಿದು, ಕಾಯಿ ಒಡೆದೆ. ಆಮೇಲೆ ಒಳಗೆ ಬಗ್ಗಿ ನೋಡಿದರೆ ಕ್ಲಚ್ಚಿನ ಡಬ್ಬಿಯಲ್ಲಿ ಆಯಿಲ್ ತಳಮುಟ್ಟಿತ್ತು. ಉಮರ್ಗಾ ಪೇಟೆಯಲ್ಲಿ ನನ್ನ ಜೀಪು ರಿಪೇರಿ ಮಾಡುವ ಮಿಸ್ತ್ರಿ ಆ ದಿನ ಪಾನಾ-ಸ್ಪ್ಯಾನರುಗಳನ್ನೆಲ್ಲ ಪೂಜೆಗೆ ಇಟ್ಟು ಕೈಮುಗಿದಿರುತ್ತಾರೆ, ಮುಟ್ಟುವುದಿಲ್ಲ. ನಾಳೆಯವರೆಗೆ ಕಾಯುವುದು ಬಿಟ್ಟು ನಾನು ಅಡುಗೆಮನೆಗೆ ಹೋದೆ. ನಮ್ಮದು ಸ್ವಂತ ಹೊಲದ ಕುಸುಬಿ, ಗಾಣದ ಎಣ್ಣೆ. ಅದನ್ನು ಒಗ್ಗರಣೆಗೆ ಹಾಕುತ್ತೇವೆ, ದೀಪಕ್ಕೆ ಹಾಕುತ್ತೇವೆ, ಎತ್ತಿನ ಕೊಂಬಿಗೂ ನನ್ನ ಮೊಣಕಾಲಿಗೂ ಹಚ್ಚುತ್ತೇವೆ. ಇಂಥ ಶುದ್ಧ ಎಣ್ಣೆಯನ್ನು ಕ್ಲಚ್ಚು ಬೇಡ ಎನ್ನುತ್ತದೆಯೇ? ಡಬ್ಬಿ ತುಂಬುವವರೆಗೂ ಸುರಿದೆ.

ಕ್ಲಚ್ಚು ಬೇಡ ಎನ್ನಲಿಲ್ಲ. ಎರಡು ವಾರ ಬಿಟ್ಟು ಅಂದಿತು. ಉಮರ್ಗಾದ ಸಂತೆಯ ದಿನ, ನಾಲ್ಕು ಜನ ನೋಡುವ ಚೌಕಿನಲ್ಲಿ, ಪೆಡಲ್ ಕೆಳಗೆ ಹೋದದ್ದು ಮೇಲೆ ಬರಲಿಲ್ಲ. ಜೀಪನ್ನು ನೂಕಿಸಿಕೊಂಡು ಮಿಸ್ತ್ರಿಯ ಅಂಗಡಿಗೆ ಹೋದೆ. ಅವರು ಡಬ್ಬಿಯ ಮುಚ್ಚಳ ತೆಗೆದು ಮೂಸಿದರು. ಸಿಲಿಂಡರ್ ಬಿಚ್ಚಿ, ಉಬ್ಬಿ ಹೋದ ರಬ್ಬರನ್ನು ನನ್ನ ಅಂಗೈಯಲ್ಲಿಟ್ಟರು.

"ಮಾಲಕ್ರ, ಇದರಾಗ ಒಗ್ಗರಣಿ ವಾಸನಿ ಬರಾಕತ್ತೇದ. ಯಾರು ಎಣ್ಣಿ ಹಾಕ್ಯಾರ?"

ಅಂಗಡಿಯ ಮುಂದೆ ಟ್ರ್ಯಾಕ್ಟರಿನವರು ಏಳೆಂಟು ಜನ ಚಹಾ ಕುಡಿಯುತ್ತ ನಿಂತಿದ್ದರು. ಎಲ್ಲರೂ ನನ್ನನ್ನು ಬಲ್ಲವರು. ನನ್ನ ಬಾಯಿಂದ ಬಂದದ್ದು ಹೀಗೆ: "ನಾ ಏನೂ ಹಾಕಿಲ್ಲ. ನೀನೇ ಡುಪ್ಲಿಕೇಟ್ ರಬ್ಬರ್ ಹಾಕಿ, ಈಗ ನಮ್ಮ ಎಣ್ಣಿಗಿ ಹೆಸರು ಇಡ್ತೀ!"

ಮಿಸ್ತ್ರಿ ನನ್ನ ಅಂಗೈಯಿಂದ ಆ ರಬ್ಬರನ್ನು ತೆಗೆದುಕೊಂಡರು. ಪೈಪು ತೊಳೆದು, ಹೊಸ ರಬ್ಬರ್ ಹಾಕಿ, ಗಾಳಿ ತೆಗೆದು ಜೀಪು ಕೊಟ್ಟರು. ಅಂಗಡಿಯ ಜಗಳದ ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು; ಬಂದು ನೋಡಿದರೆ ನನ್ನ ಹೆಂಡತಿ ಶರಣಮ್ಮ ಎಣ್ಣೆಯ ಚರಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. "ರೀ, ಅರ್ಧಾ ಎಣ್ಣಿ ಖಾಲಿ ಆಗೇದ. ಮೊಣಕಾಲಿಗಿ ಇಷ್ಟು ಹತ್ತೂದಿಲ್ಲ. ಹೋಗಿ ಆ ಮಿಸ್ತ್ರಿಗಿ ತಪ್ಪಾತು ಅಂತ ಹೇಳಿ ಬರ್ರಿ." ನಾಳೆ ಎಂದೆ. ಅಷ್ಟರಲ್ಲಿ ನನ್ನ ಡುಪ್ಲಿಕೇಟಿನ ಮಾತು ಊರೂರು ತಿರುಗಿ, ಟ್ರ್ಯಾಕ್ಟರಿನವರು ಒಬ್ಬೊಬ್ಬರಾಗಿ ಬೇರೆ ಅಂಗಡಿ ಹಿಡಿದರು. ವರ್ಷದೊಳಗೆ ಮಿಸ್ತ್ರಿ ಅಂಗಡಿ ಕಿತ್ತುಕೊಂಡು ನಿಲಂಗಾಕ್ಕೆ ಹೋದರು.

ಆ ದಿನ ಅವರ ಕೈ ನೋಡುತ್ತ ನಿಂತು ಕಲಿತದ್ದರಿಂದಲೇ ನಾನು ಈಗ ಈ ಭಾಗದಲ್ಲಿ ಕ್ಲಚ್ಚಿನ ವೈದ್ಯ! ಹೋದ ತಿಂಗಳು ಉದಗೀರದಾಚೆಯ ಜಳಕೋಟದ ನಮ್ಮ ಬೀಗರು, ಅಂದರೆ ಮಗಳ ಮಾವ, ಹಳೆಯ ಜೀಪು ಕೊಂಡು, ಗೇರ್ ಬೀಳುತ್ತಿಲ್ಲವೆಂದು ಫೋನ್ ಮಾಡಿದರು. ಶರಣಮ್ಮನನ್ನು ಕರೆದುಕೊಂಡು ನನ್ನ ಜೀಪಿನಲ್ಲೇ ಹೋದೆ. ಅಂಗಳದಲ್ಲಿ ಜನ ಸೇರಿದ್ದರು. ನಾನು ಅವಸರ ಮಾಡಲಿಲ್ಲ. ಮೊದಲು ಪೆಡಲನ್ನು ಒಂದೇ ಸಲ ತುಳಿದೆ, ಗೇರ್ ಕರಕರ ಅಂದಿತು. ನಾಲ್ಕೈದು ಸಲ ಬಿಟ್ಟುಬಿಟ್ಟು ತುಳಿದೆ, ಗೇರ್ ಬಿತ್ತು. ಅಲ್ಲಿಗೆ ಕ್ಲಚ್ ಪ್ಲೇಟು ಬಹುಮಟ್ಟಿಗೆ ನಿರಪರಾಧಿ, ದೋಷ ಒತ್ತಡದ್ದು. ಪೆಡಲಿನ ಹಿಂದೆ ಬೆರಳಾಡಿಸಿದೆ, ಒದ್ದೆ ಇತ್ತು: ಮೇಲಿನ ಸಿಲಿಂಡರ್ ಸೋರುತ್ತಿದೆ. ಕೆಳಗೆ ನುಸುಳಿ ಇನ್ನೊಂದು ಸಿಲಿಂಡರ್ ಬಿಚ್ಚಿ ನೋಡಿದರೆ ಅಲ್ಲಿನ ರಬ್ಬರ್ ಉಬ್ಬಿತ್ತು. ಕೊನೆಗೆ ಡಬ್ಬಿಯ ಮುಚ್ಚಳ ತೆಗೆದು, ಕಣ್ಣು ಮುಚ್ಚಿ ಮೂಸಿದೆ. ಅಂಗಳವೆಲ್ಲ ಉಸಿರು ಹಿಡಿದು ನಿಂತಿತ್ತು. ಸುಳ್ಳೇಕೆ, ಆ ಕ್ಷಣದ ಹೆಮ್ಮೆಯನ್ನು ಈಗ ಬರೆಯುವಾಗಲೂ ಬಿಡಲಾಗುತ್ತಿಲ್ಲ.

"ಬೀಗರ, ಇಂಜಿನ್ ಆಯಿಲ್ ಹಾಕೀರಿ."

"ಛೇ ಛೇ, ನಾ ಏನೂ ಹಾಕಿಲ್ಲರೀ! ನಿಲಂಗಾದ ಮಿಸ್ತ್ರಿ ಹಾಕಿದ ರಬ್ಬರ್ ಅದು. ಡುಪ್ಲಿಕೇಟ್ ಇರಬೇಕು. ಉಮರ್ಗಾದಾಗೂ ಹಿಂಗೇ ಮಾಡಿ ಓಡಿ ಬಂದಾನಂತ. ಅಲ್ಲಿಯ ಯಾರೋ ದೊಡ್ಡ ಮನುಷ್ಯಾನೇ ಹೇಳ್ಯಾನಂತ."

ಶರಣಮ್ಮ ನನ್ನನ್ನು ನೋಡಿದಳು. ನಾನು ಆ ದೊಡ್ಡ ಮನುಷ್ಯನ ಚಪ್ಪಲಿ ನೋಡಿಕೊಂಡೆ.

"ರಬ್ಬರ್ ಅಸಲಿ ಅದ ಬೀಗರ," ಎಂದೆ. "ಮಿಸ್ತ್ರಿದು ಏನೂ ತಪ್ಪಿಲ್ಲ. ಬ್ರೇಕ್ ಆಯಿಲ್ ಬಿಟ್ಟು ಬ್ಯಾರೆ ಎಣ್ಣಿ ಬಿದ್ರ ಎಂಥಾ ರಬ್ಬರ್ ಆದ್ರೂ ಉಬ್ಬತದ."

"ಇಷ್ಟು ಖಾತ್ರಿಲೆ ಹೆಂಗ ಹೇಳ್ತೀರಿ?"

"ಅನುಭವ," ಎಂದೆ. ಎಲ್ಲರೂ ತಲೆದೂಗಿದರು. ಬೀಗರು ಕಡೆಗೆ ಅರ್ಧ ಡಬ್ಬಿ ಹಾಕಿದ್ದನ್ನು ನಗುತ್ತ ಒಪ್ಪಿಕೊಂಡರು. ನನ್ನ ಹೆಗಲಿಗೆ ಶಾಲು ಬಿತ್ತು. ಅನುಭವ ಎಂಥದ್ದೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮರಳಿ ಊರಿಗೆ ಹೊರಟು, ಉದಗೀರ ದಾಟಿ ನಿಲಂಗಾ ಹತ್ತಿರ ಬಂದಾಗ ಶರಣಮ್ಮ ಬಾಯಿ ಬಿಟ್ಟಳು. "ಬೀಗರ ಮುಂದ ಅರ್ಧಾ ಖರೆ ಹೇಳೀರಿ. ಉಳದ ಅರ್ಧಾ ಇಲ್ಲಿ ಹೇಳ್ರಿ. ನಿಲ್ಲಸ್ರಿ."

ಅಂಗಡಿ ರಸ್ತೆಯ ಬದಿಗೇ ಇತ್ತು, ವೇಗ ತಗ್ಗಿಸಿದೆ. ಕೂದಲು ಪೂರ್ತಿ ಬೆಳ್ಳಗಾದ ಮಿಸ್ತ್ರಿ ಜೀಪಿನ ಸಪ್ಪಳಕ್ಕೆ ತಲೆ ಎತ್ತಿದರು. ನನಗೆ ಬೇಕಾಗಿದ್ದದ್ದು ಒಂದು ನೆಪ. ಪೆಡಲ್ ಆಗಲೇ ಕೈಕೊಟ್ಟಿದ್ದರೆ ನಿಲ್ಲಲೇಬೇಕಾಗುತ್ತಿತ್ತು. ಕೆಟ್ಟ ಕ್ಲಚ್ಚಿನ ಹಿಂದೆ ಕ್ಷಮೆಯೂ ಇಳಿದು ಬರುತ್ತಿತ್ತು. ತುಳಿದೆ. ಗೇರ್ ಬೆಣ್ಣೆಯ ಹಾಗೆ ಬಿತ್ತು, ಜೀಪು ಮುಂದೆ ಹೋಯಿತು. ಎಂಟು ವರ್ಷವಾದರೂ ಒಂದು ಹನಿ ಸೋರದೆ, ತನ್ನನ್ನು ಹಾಕಿದವರ ಬಾಗಿಲನ್ನೇ ದಾಟಿಸಿ ನನ್ನನ್ನು ಮನೆಗೆ ಮುಟ್ಟಿಸಿದ ಆ ರಬ್ಬರ್ ಅಸಲಿ. ಅದನ್ನು ಹಾಕಿದವರ ಹೆಸರು ಧೋಂಡಿಬಾ ಮಿಸ್ತ್ರಿ.